ಕೆಂಪಿನಾಚೆಯ ಬೆಳಕಿನಲ್ಲಿ ಬಿಳಿಗಿರಿಯ ಸೀಮೆ

ಛಾಯಾಗ್ರಾಹಕರ ಸಂಪ್ರದಾಯದಲ್ಲಿ ನಡುಹಗಲಿಗೆ ಮರ್ಯಾದೆಯಿಲ್ಲ. ಸೂರ್ಯೋದಯದ ತರುವಾಯ ಒಂದಷ್ಟು ಹೊತ್ತು, ಸೂರ್ಯಾಸ್ತಕ್ಕೆ ಮುನ್ನ ಒಂದಷ್ಟು ಹೊತ್ತು, ಇವೆರಡನ್ನುಳಿದು ಮಿಕ್ಕ ವೇಳೆಯೆಲ್ಲ ಊಟಕ್ಕೂ ನಿದ್ದೆಗೂ ಮೀಸಲೆಂಬುದು ಅವರ ಅಲಿಖಿತ ಶಾಸ್ತ್ರ. ಅದರಲ್ಲಿಯೂ ಕೊಳ್ಳೇಗಾಲದಿಂದ ಹನೂರಿಗೆ ಸಾಗುವ ಬಯಲುದಾರಿಯಲ್ಲಿ, ಮಾರ್ಚ್ ತಿಂಗಳ ಹನ್ನೆರಡು ಗಂಟೆಯ ಉರಿಬಿಸಿಲಿನಲ್ಲಿ, ನೆಳಲು ಮರದ ಬುಡವನ್ನು ಬಿಟ್ಟು ಕದಲದ ಆ ವೇಳೆಯಲ್ಲಿ ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯುವವನನ್ನು ಕಂಡರೆ ಬಲ್ಲವರು ಕನಿಕರಪಡುವುದು ಸಹಜವೇ. ಆದರೆ ಅಂಥ ಬಿಸಿಲನ್ನೇ ಅರಸಿಕೊಂಡು ಹೋಗುವ ಛಾಯಾಗ್ರಹಣವೊಂದುಂಟು. ಕಣ್ಣಿಗೆ ಕಾಣುವ ಕೆಂಪು ಎಲ್ಲಿಗೆ ಮುಗಿಯುವುದೋ ಅಲ್ಲಿಂದ ಮುಂದಕ್ಕೆ ಹಬ್ಬಿರುವ ಅವಕೆಂಪು ಕಿರಣಗಳಿಂದ ಚಿತ್ರ ಬರೆಯುವ ಆ ವಿದ್ಯೆಗೆ ಬೇಕಾದುದು ಕಾಮನಬಿಲ್ಲಿನ ಸೊಬಗಾಗಲಿ ಸಂಜೆಗೆಂಪಾಗಲಿ ಅಲ್ಲ. ನೆತ್ತಿಯ ಮೇಲಿನ ಸೂರ್ಯ, ಎಲೆ ತುಂಬಿದ ಒಂದು ಮರ, ಮತ್ತು ಹೊಟ್ಟೆಯೊಳಗಿನ ಗಾಜಿನ ತುಂಡೊಂದನ್ನು ಕಳೆದುಕೊಂಡ ಒಂದು ಕ್ಯಾಮೆರಾ.

ಆ ಗಾಜಿನ ತುಂಡಿನ ಕಥೆಯನ್ನು ಮೊದಲು ಹೇಳಬೇಕು. ಡಿಜಿಟಲ್ ಕ್ಯಾಮೆರಾದ ಸೆನ್ಸರು ಸಿಲಿಕಾನಿನಿಂದಾದುದು. ಸಿಲಿಕಾನಿನ ದೃಷ್ಟಿಯಾದರೋ ನಮ್ಮ ದೃಷ್ಟಿಗಿಂತ ವಿಶಾಲವಾದುದು. ಮನುಷ್ಯನ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಕಂಡು ಅಲ್ಲಿಗೇ ತೃಪ್ತವಾದರೆ, ಸಿಲಿಕಾನು 1100 ನ್ಯಾನೋಮೀಟರಿನವರೆಗೂ ಗ್ರಹಿಸಬಲ್ಲುದು. ಹೀಗಿರಲು, ಅದನ್ನು ಅದರ ಪಾಡಿಗೆ ಬಿಟ್ಟರೆ ಬಣ್ಣಗಳೆಲ್ಲ ಕದಡಿ, ಮದುಮಗಳ ಹಸುರು ಸೀರೆ ಕಂದಾಗಿ, ಮದುಮಗನ ಕರಿಯ ಕೋಟು ಕೆನ್ನೇರಳೆಯಾಗಿ ಕಾಣುವ ಅಪಾಯವಿದೆಯೆಂದು ತಿಳಿದ ತಯಾರಕರು ಸೆನ್ಸರಿನ ಮುಂದೆ ತಿಳಿಯಾದ ಹಸುರುನೀಲಿ ಛಾಯೆಯ ತಡೆಗಾಜೊಂದನ್ನು ಕೂರಿಸಿ, ಕೆಂಪಿನಾಚೆಯ ಬೆಳಕು ಒಳಹೊಗದಂತೆ ಕಾವಲಿಟ್ಟಿರುವರು. ಈ ಕಾವಲು ಎಷ್ಟು ಭದ್ರವೆಂಬುದನ್ನು ಯಾರಾದರೂ ಮನೆಯಲ್ಲಿಯೇ ಪರೀಕ್ಷಿಸಬಹುದು. ಟೀವಿಯ ರಿಮೋಟನ್ನು ಮೊಬೈಲಿನ ಮುಂಬದಿಯ ಕ್ಯಾಮೆರಾದತ್ತ ಹಿಡಿದು ಗುಂಡಿಯೊತ್ತಿದರೆ, ಬರಿಗಣ್ಣಿಗೆ ಏನೂ ತೋರದ ಆ ಪುಟ್ಟ ದೀಪ ಮೊಬೈಲಿನ ಪರದೆಯ ಮೇಲೆ ಎಷ್ಟೋ ಸಲ ನಸುನೇರಳೆಯಾಗಿ ಮಿನುಗುವುದು. ಕಾವಲುಗಾರ ಅಷ್ಟರಮಟ್ಟಿಗೆ ತೂಕಡಿಸಿದ್ದಾನೆಂದು ಅರ್ಥ.

ಕಾವಲುಗಾರನನ್ನು ಹಾಗೆಯೇ ಉಳಿಸಿಕೊಂಡು, ಲೆನ್ಸಿನ ಮುಂದೆ ಕಣ್ಣಿಗೆ ಕಪ್ಪಾಗಿ ತೋರುವ ಫಿಲ್ಟರೊಂದನ್ನು ತಿರುಗಿಸಿ ಹಾಕಿ, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ಹತ್ತಾರು ಸೆಕೆಂಡುಗಳ ಕಾಲ ಕಾದು ಚಿತ್ರ ತೆಗೆಯುವುದೂ ಸಾಧ್ಯವೇ. ಖರ್ಚು ಕಡಿಮೆ, ತಾಳ್ಮೆ ಇದ್ದವರಿಗೆ ಅದೂ ಒಂದು ಮಾರ್ಗ. ಆದರೆ ನಮ್ಮ ಸೀಮೆಯ ಗಾಳಿಯಲ್ಲಿ ಯಾವ ಎಲೆ ತಾನೆ ಹತ್ತು ಸೆಕೆಂಡು ಅಲುಗದೆ ನಿಂತೀತು? ಮರವೆಲ್ಲ ಮಸಕಾಗಿ, ಬಂಡೆ ಮಾತ್ರ ಸ್ಪಷ್ಟವಾಗಿ ಮೂಡಿದ ಚಿತ್ರಗಳು ಆ ದಾರಿಯ ಫಲ. (ಪ್ರಸಂಗವಶಾತ್ ಒಂದು ಎಚ್ಚರಿಕೆ: ಈ ಕಪ್ಪು ಫಿಲ್ಟರಿನ ಮೂಲಕ ಸೂರ್ಯನನ್ನು ನೋಡುವ ಹುಡುಗಾಟ ಕೂಡದು. ಕಣ್ಣಿಗೆ ಕತ್ತಲೆಯೆನಿಸಿ ಪಾಪೆ ಅರಳಿಕೊಳ್ಳುವುದು, ಕಾಣದ ಕಿರಣ ಒಳನುಗ್ಗಿ ಅಕ್ಷಿಪಟಲವನ್ನು ಸುಡುವುದು.) ಆದಕಾರಣ ಈ ವಿದ್ಯೆಯಲ್ಲಿ ಶ್ರದ್ಧೆಯುಳ್ಳವರು ಎರಡನೆಯ ಮಾರ್ಗವನ್ನು ಹಿಡಿಯುವರು. ತಡೆಗಾಜನ್ನೇ ಕಿತ್ತು, ಅದರ ಸ್ಥಾನದಲ್ಲಿ ಅವಕೆಂಪನ್ನು ಮಾತ್ರ ಒಳಬಿಡುವ ಗಾಜನ್ನು ಕೂರಿಸುವುದೇ ಆ ಮಾರ್ಗ.

ಈ ಶಸ್ತ್ರಕ್ರಿಯೆಗೆ ಹಳೆಯ ಕ್ಯಾಮೆರಾಗಳೇ ಲೇಸು. 2004ರಲ್ಲಿ ಮಾರುಕಟ್ಟೆಗೆ ಬಂದ, 6 ಮೆಗಾಪಿಕ್ಸೆಲ್ಲಿನ ನಿಕಾನ್ ಡಿ70 ಇಂದು ಸ್ಟುಡಿಯೋಗಳ ಕಪಾಟಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದರೂ, ಅವಕೆಂಪಿನ ಬಳಗದಲ್ಲಿ ಅದಕ್ಕೆ ಈಗಲೂ ಹೆಸರುಂಟು. ಕೊಳ್ಳೇಗಾಲದಲ್ಲಿ ಸ್ಟುಡಿಯೋ ಇಟ್ಟುಕೊಂಡು, ಬಿಡುವಿನ ವೇಳೆಯಲ್ಲಿ ಕೆಟ್ಟ ಕ್ಯಾಮೆರಾ, ಕೆಟ್ಟ ಫ್ಲ್ಯಾಶುಗಳನ್ನು ಬಿಚ್ಚಿ ಜೋಡಿಸುವ ಮಿತ್ರರೊಬ್ಬರ ಮೇಜಿನ ಮೇಲೆ ಅಂಥದೊಂದು ಕ್ಯಾಮೆರಾವನ್ನು ನಾನು ಇಟ್ಟಾಗ ಅವರು ಮೊದಲು ಕೇಳಿದ್ದು ಇಷ್ಟು: “ಮೇಷ್ಟ್ರೇ, ಒಂದ್ಸಲ ತೆಗೆದ್ರೆ ಇದು ಮದುವೆ ಮುಂಜಿಗೆ ಬರಲ್ಲ. ಯೋಚ್ನೆ ಮಾಡಿದೀರ ತಾನೆ?” ಮದುವೆ ಮುಂಜಿಗಳ ಕಾಲ ನನ್ನ ಮಟ್ಟಿಗೆ ಮುಗಿಯಿತೆಂದು ಹೇಳಿದ ಮೇಲೆ ಅವರು ಬ್ಯಾಟರಿ ತೆಗೆದರು, ತೆಗೆದವರು ಕೂಡಲೇ ಬಿಚ್ಚಲು ತೊಡಗಲಿಲ್ಲ. ಕ್ಯಾಮೆರಾದ ಮೈಯಲ್ಲಿಯೇ ಅಡಗಿರುವ ಫ್ಲ್ಯಾಶಿಗೆ ಕಸುವು ಒದಗಿಸುವ ಕೆಪಾಸಿಟರು ಸುಮಾರು 300 ವೋಲ್ಟಿನಷ್ಟು ವಿದ್ಯುತ್ತನ್ನು ಬ್ಯಾಟರಿ ಹೋದ ಮೇಲೂ ತನ್ನೊಳಗೆ ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ರೆಸಿಸ್ಟರಿನ ಮೂಲಕ ಹರಿಯಬಿಟ್ಟು, ಮೀಟರಿಟ್ಟು ನೋಡಿ, ಸೊನ್ನೆಗೆ ಇಳಿದುದನ್ನು ಕಂಡ ಮೇಲೆಯೇ ಬೆರಳು ಒಳಗಿಡಬೇಕು.

ಅನಂತರದ ಕೆಲಸವನ್ನು ನೋಡುವುದೇ ಒಂದು ಪಾಠ. ಬಿಳಿಯ ಹಾಳೆಯೊಂದರ ಮೇಲೆ ಕ್ಯಾಮೆರಾದ ಬಾಹ್ಯರೇಖೆಯನ್ನು ಬರೆದು, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದು ಇದ್ದ ಎಡೆಯಲ್ಲಿಯೇ ಟೇಪು ಹಾಕಿ ಅಂಟಿಸುತ್ತ ಅವರು ಮುಂದುವರಿದರು. ನೋಡಲು ಎಲ್ಲ ಒಂದೇ ಬಗೆಯವಾದರೂ ಉದ್ದದಲ್ಲಿ ಕೂದಲೆಳೆಯ ಅಂತರವಿರುವ ಈ ಸ್ಕ್ರೂಗಳಲ್ಲಿ ಒಂದು ಸ್ಥಾನಪಲ್ಲಟವಾದರೆ, ಉದ್ದದ್ದು ಗಿಡ್ಡದರ ರಂಧ್ರಕ್ಕೆ ಹೊಕ್ಕು ಒಳಗಿನ ಫಲಕವನ್ನು ತೂತು ಮಾಡಿಬಿಡುತ್ತದಂತೆ. ಹಿಂಬದಿಯ ಮುಚ್ಚಳ ಬಿಟ್ಟುಬಂದ ಮೇಲೆ ಕಂದುಬಣ್ಣದ ರಿಬ್ಬನ್ ಕೇಬಲುಗಳು. ಅವುಗಳ ಕೊಂಡಿಗಳನ್ನು ಉಗುರಿನ ತುದಿಯಿಂದ ಎತ್ತಿ ಸಡಿಲಿಸಬೇಕೇ ಹೊರತು ಎಳೆಯಕೂಡದು. ಅವುಗಳ ಅಡಿಯಲ್ಲಿ ಮುಖ್ಯ ಫಲಕ, ಅದರ ಅಡಿಯಲ್ಲಿ ಸೆನ್ಸರಿನ ಫಲಕ. ಸೆನ್ಸರು ಲೆನ್ಸಿಗೆ ನೇರ ಸಮಾನಾಂತರವಾಗಿ ನಿಲ್ಲುವಂತೆ ಸ್ಕ್ರೂಗಳ ಕೆಳಗೆ ಕಾರ್ಖಾನೆಯವರು ಇಟ್ಟಿರುವ ತೆಳು ಬಿಲ್ಲೆಗಳನ್ನು ಯಾವುದು ಎಲ್ಲಿತ್ತೆಂದು ಗುರುತು ಹಾಕದೆ ತೆಗೆದರೆ, ಮರಳಿ ಕೂರಿಸಿದಾಗ ಚಿತ್ರದ ಎಡಭಾಗ ಸ್ಪಷ್ಟವಾಗಿ ಬಲಭಾಗ ಮಂಜಾಗುವುದು. ಕೊನೆಗೆ ಲೋಹದ ಚೌಕಟ್ಟಿನ ನಡುವೆ ಕುಳಿತಿದ್ದ ಆ ಹಸುರುನೀಲಿ ಗಾಜು ಹೊರಬಂತು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು.

ಗಾಜನ್ನು ತೆಗೆದು ಸುಮ್ಮನೆ ಮುಚ್ಚಿಬಿಡಬಹುದಲ್ಲವೇ ಎಂಬ ಪ್ರಶ್ನೆಗೆ ದೃಗ್ವಿಜ್ಞಾನದ ಉತ್ತರವಿದೆ. ಲೆನ್ಸಿನಿಂದ ಬಂದ ಕಿರಣಗಳು ಗಾಜಿನ ಫಲಕವೊಂದನ್ನು ಹಾಯುವಾಗ ಅವು ಸಂಧಿಸುವ ಬಿಂದು ಗಾಜಿನ ದಪ್ಪದ ಸುಮಾರು ಮೂರನೆಯ ಒಂದು ಪಾಲಿನಷ್ಟು ಹಿಂದಕ್ಕೆ ಸರಿಯುತ್ತದೆ. ಸೆನ್ಸರನ್ನು ಕೂರಿಸಿರುವುದೇ ಆ ಲೆಕ್ಕದಲ್ಲಿ. ಗಾಜು ಹೋದರೆ ಬಿಂದು ಮುಂದಕ್ಕೆ ಬಂದು, ಸೆನ್ಸರು ಹಿಂದುಳಿದು, ದೂರದ ಬೆಟ್ಟ ಎಂದೆಂದಿಗೂ ಫೋಕಸಿಗೆ ಸಿಕ್ಕದೆ ಹೋಗುವುದು. ಆದುದರಿಂದ ತೆಗೆದಷ್ಟೇ ದಪ್ಪದ ಗಾಜು ಒಳಹೋಗಬೇಕು. ಅದು ಪೂರ್ಣ ಪಾರದರ್ಶಕವಾಗಿದ್ದರೆ ಕ್ಯಾಮೆರಾ ಕಂಡದ್ದನ್ನೂ ಕಾಣದ್ದನ್ನೂ ಒಟ್ಟಿಗೆ ಗ್ರಹಿಸುವ ಸರ್ವಗ್ರಾಹಿಯಾಗುವುದು; ಕೆಂಪಿನ ಅಂಚಿನಲ್ಲಿ, ಅಂದರೆ 590ರಲ್ಲಿಯೋ 665ರಲ್ಲಿಯೋ ಕತ್ತರಿಸುವ ಗಾಜಾದರೆ ಬಣ್ಣಗಳ ಒಂದು ವಿಚಿತ್ರ ಲೋಕ ತೆರೆಯುವುದು; 830ರದಾದರೆ ಕೇವಲ ಕಪ್ಪುಬಿಳುಪು. ನಡುವಣ 720ರ ಗಾಜನ್ನು ನಾನು ಆರಿಸಿಕೊಂಡೆ. ಬಣ್ಣದ ಮೋಜಿನಲ್ಲಿ ನನಗೆ ಅಷ್ಟಾಗಿ ಅಭಿರುಚಿಯಿಲ್ಲವೆಂಬುದನ್ನು ಮರೆಮಾಚಲಾರೆ. ಆಕಾಶವನ್ನು ಚಿನ್ನಕ್ಕೂ ಎಲೆಯನ್ನು ಗುಲಾಬಿಗೂ ತಿರುಗಿಸಿ ನಲಿಯುವವರು ನಲಿಯಲಿ.

ಹೊಸ ಗಾಜನ್ನು ಇಡುವಾಗ ಪಂಖ ನಿಲ್ಲಿಸಿ, ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿದರು. ಸೆನ್ಸರಿಗೂ ಗಾಜಿಗೂ ನಡುವೆ ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಅದು ಮುಂದಿನ ಪ್ರತಿಯೊಂದು ಆಕಾಶದಲ್ಲಿಯೂ ಮಚ್ಚೆಯಾಗಿ ಮೂಡುವುದಷ್ಟೆ. ಕೊನೆಯದಾಗಿ ಫೋಕಸಿನ ತಿದ್ದುಪಡಿ. ಕನ್ನಡಿಯುಳ್ಳ ಈ ಹಳೆಯ ಕ್ಯಾಮೆರಾಗಳಲ್ಲಿ ಫೋಕಸನ್ನು ನಿರ್ಧರಿಸುವ ಅಂಗ ಬೇರೆ, ಚಿತ್ರ ಮೂಡುವ ಅಂಗ ಬೇರೆ. ಮೊದಲನೆಯದು ಕಾಣುವ ಬೆಳಕಿಗೆ ಲೆಕ್ಕ ಹಾಕುತ್ತದೆ, ಅವಕೆಂಪಾದರೋ ಲೆನ್ಸಿನ ಹಿಂದೆ ತುಸು ದೂರದಲ್ಲಿ ಸಂಧಿಸುತ್ತದೆ. ಹಿಂದಿನ ಲೆನ್ಸುಗಳ ಕೊರಳಿನ ಮೇಲೆ ಕೆಂಪು ಚುಕ್ಕೆಯೊಂದನ್ನು ಕೊರೆದಿರುತ್ತಿದ್ದುದು ಈ ವ್ಯತ್ಯಾಸವನ್ನು ಕೈಯಿಂದ ಸರಿದೂಗಿಸಿಕೊಳ್ಳಲೆಂದೇ; ಅದರ ಉಪಯೋಗವನ್ನರಿಯದೆ ಜೀವಮಾನವಿಡೀ ಆ ಲೆನ್ಸುಗಳನ್ನು ಬಳಸಿದವರು ಎಷ್ಟೋ ಮಂದಿ. ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೆನ್ಸರೇ ಫೋಕಸನ್ನೂ ನೋಡಿಕೊಳ್ಳುವುದರಿಂದ ಈ ತಾಪತ್ರಯವಿಲ್ಲ. ಕೆಲವು ಲೆನ್ಸುಗಳು ಮಾತ್ರ ಅವಕೆಂಪಿನಲ್ಲಿ ಚಿತ್ರದ ನಟ್ಟನಡುವೆ ಬಿಳಿಯ ಮಬ್ಬೊಂದನ್ನು ಬಿಡುತ್ತವೆ. ಬೆಲೆಗೂ ಈ ದೋಷಕ್ಕೂ ಯಾವ ಸಂಬಂಧವೂ ಇಲ್ಲ.

ಇನ್ನು ಈ ಬೆಳಕಿನ ಪೂರ್ವವೃತ್ತಾಂತ. 1800ನೆಯ ಇಸವಿಯಲ್ಲಿ, ಯುರೇನಸ್ ಗ್ರಹವನ್ನು ಕಂಡುಹಿಡಿದು ಪ್ರಖ್ಯಾತನಾಗಿದ್ದ ವಿಲಿಯಂ ಹರ್ಷೆಲನು ಪಟ್ಟಕದಿಂದ ಒಡೆದ ಬಿಸಿಲಿನ ಬಣ್ಣಗಳಲ್ಲಿ ಯಾವುದಕ್ಕೆ ಎಷ್ಟು ತಾಪವೆಂದು ಉಷ್ಣಮಾಪಕಗಳಿಂದ ಅಳೆಯುತ್ತಿದ್ದಾಗ, ಕೆಂಪಿನ ಆಚೆ, ಏನೂ ಕಾಣದ ಎಡೆಯಲ್ಲಿಟ್ಟ ಮಾಪಕದಲ್ಲಿ ಪಾದರಸ ಎಲ್ಲಕ್ಕಿಂತ ಹೆಚ್ಚು ಏರಿದುದನ್ನು ಕಂಡನು. ಅದರಿಂದ ಚಿತ್ರ ತೆಗೆಯಬಹುದೆಂದು ಲೋಕಕ್ಕೆ ತೋರಿಸಿದವನು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್. 1910ರಲ್ಲಿ ಅವನು ಪ್ರಕಟಿಸಿದ ಚಿತ್ರಗಳಲ್ಲಿ ಮರಗಳು ಹಿಮ ಹೊದ್ದಂತೆ ಬೆಳ್ಳಗೂ ಆಕಾಶ ಕಾಡಿಗೆಯಷ್ಟು ಕಪ್ಪಗೂ ಇದ್ದುವು. ಎಲೆಗಳ ಈ ಬೆಳ್ಪಿಗೆ ಅವನ ಹೆಸರೇ ನಿಂತಿದೆ. ಅದಕ್ಕೆ ಪತ್ರಹರಿತ್ತು ಕಾರಣವೆಂದು ಹಲವರು ನಂಬಿರುವರಾದರೂ ಪತ್ರಹರಿತ್ತು ಮಾಡುವುದು ಇಷ್ಟೆ: ಕೆಂಪನ್ನೂ ನೀಲಿಯನ್ನೂ ನುಂಗಿ, ಹಸುರಿನ ಸ್ವಲ್ಪಾಂಶವನ್ನು ಹಿಂದಿರುಗಿಸಿ, ಅವಕೆಂಪಿಗೆ ಯಾವ ಅಡ್ಡಿಯನ್ನೂ ಮಾಡದೆ ದಾರಿ ಬಿಡುವುದು. ಹಾಗೆ ಒಳಹೊಕ್ಕ ಅವಕೆಂಪು ಎಲೆಯ ಒಡಲಿನಲ್ಲಿ ನೀರು ತುಂಬಿದ ಜೀವಕೋಶಗಳಿಗೂ ಅವುಗಳ ನಡುವಣ ಗಾಳಿಗೂ ಮತ್ತೆ ಮತ್ತೆ ಬಡಿದು, ಚದರಿ, ಹೆಚ್ಚುಕಡಿಮೆ ಅರ್ಧದಷ್ಟು ಹೊರಕ್ಕೆ ಮರಳುತ್ತದೆ. ಎಲೆ ಬಾಡಿ ಒಳಗಿನ ಕಟ್ಟಡ ಕುಸಿದರೆ ಆ ಹೊಳಪೂ ಕುಗ್ಗುವುದು. ಆದುದರಿಂದ ಅವಕೆಂಪಿನ ಚಿತ್ರದಲ್ಲಿ ಬೆಳ್ಪೆಂದರೆ ಬಲಿತ ಜೀವಂತ ಎಲೆಯ ಒಳರಚನೆ. ಅದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಣ ಮಾತುಗಳಿಗೆ ಅನುಕೂಲ.

ಆಕಾಶದ ಕಪ್ಪಿಗೆ ಕಾರಣ ಬೇರೆ. ವಾಯುವಿನ ಅಣುಗಳು ಬೆಳಕನ್ನು ಚದರಿಸುವ ಪ್ರಮಾಣ ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುವುದರಿಂದ, 450 ನ್ಯಾನೋಮೀಟರಿನ ನೀಲಿ ಎಷ್ಟು ಚದರುವುದೋ ಅದರ ಹತ್ತನೆಯ ಒಂದು ಪಾಲು ಮಾತ್ರ 800 ನ್ಯಾನೋಮೀಟರಿನ ಅವಕೆಂಪು ಚದರುವುದು. ಇದರ ಪ್ರತ್ಯಕ್ಷ ಪ್ರಮಾಣ ಬೇಕಾದವರು ಹನೂರಿನಿಂದ ಕೌದಳ್ಳಿಯ ಮೇಲೆ ಹಾದು, ಪಾದಯಾತ್ರಿಕರು ಬೆಟ್ಟವೇರಲು ತೊಡಗುವ ತಾಳಬೆಟ್ಟವನ್ನು ದಾಟಿ ಮಲೆ ಮಹದೇಶ್ವರನ ಸನ್ನಿಧಿಗೆ ಹೋಗಬೇಕು. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ನಾಡಿನಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ, ಬೇಸಗೆಯ ಮಧ್ಯಾಹ್ನದಲ್ಲಿ ಪಾಲಾರ್ ಹೊಳೆಯ ಕಣಿವೆಯಾಚೆಗೆ ಕಣ್ಣಿಗೆ ತೋರುವುದು ಬೂದಿಬಣ್ಣದ ಒಂದು ತೆರೆ ಮಾತ್ರ. ಅದೇ ನೋಟವನ್ನು ಮಾರ್ಪಡಿಸಿದ ಕ್ಯಾಮೆರಾದಲ್ಲಿ ಹಿಡಿದರೆ, ಆ ತೆರೆಯ ಹಿಂದಿನಿಂದ ಒಂದರ ಬೆನ್ನಿಗೆ ಒಂದರಂತೆ ತಮಿಳು ಸೀಮೆಯ ಬೆಟ್ಟಸಾಲುಗಳು ಅಂಚು ಕತ್ತರಿಸಿದ ಹಾಗೆ ಮೇಲೇಳುವುವು. ಆದರೆ ಯಳಂದೂರಿನ ಮಗ್ಗುಲಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಜುಲೈ ತಿಂಗಳ ಮಂಜಿನೆದುರು ಈ ಚಮತ್ಕಾರವನ್ನು ನಿರೀಕ್ಷಿಸಿದವರಿಗೆ ನಿರಾಶೆ ಕಟ್ಟಿಟ್ಟದ್ದು. ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಎಷ್ಟೋ ದೊಡ್ಡವು. ನೀಲಿಯೇ ಆಗಲಿ ಅವಕೆಂಪೇ ಆಗಲಿ ಅವುಗಳ ಮುಂದೆ ಸಮಾನ.

ಭರಚುಕ್ಕಿಯ ಬಳಿ ನಿಂತ ನೀರು ಕಪ್ಪಾಗಿ, ಧುಮ್ಮಿಕ್ಕುವ ನೊರೆ ಬೆಳ್ಳಗೆ ಬರುವುದನ್ನೂ, ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪದ ಕಲ್ಲಿನ ಬಳೆಗಳ ಸರಪಣಿ ಕರಿಯ ಆಕಾಶದೆದುರಿಗೆ ಒಂದೊಂದೂ ಬಿಡಿಬಿಡಿಯಾಗಿ ಎದ್ದು ತೋರುವುದನ್ನೂ ಹೇಳಿ ಮುಂದುವರಿಯುವೆನು. ಅವು ನೋಡಲು ಚೆಲುವು, ಅಷ್ಟೆ. ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಕೊಳ್ಳೇಗಾಲದ ರೇಷ್ಮೆ. ನೇಕಾರರೊಬ್ಬರ ಮನೆಯ ಪಡಸಾಲೆಯಲ್ಲಿ ಬಿಸಿಲಿಗೆ ಹರಡಿದ್ದ ಎರಡು ಸೀರೆಗಳು, ಎರಡೂ ಕಡುಗಪ್ಪು, ಕಣ್ಣಿಗೆ ಎಳ್ಳಷ್ಟೂ ಭೇದ ತೋರದಂಥವು, ಚಿತ್ರದಲ್ಲಿ ಒಂದು ಕಪ್ಪಾಗಿಯೇ ಉಳಿದು ಇನ್ನೊಂದು ತಿಳಿಬೂದಿಯಾಗಿ ಬಂದಿತ್ತು. ಹಲವು ಕರಿಯ ಬಣ್ಣಗಳು ಕಾಣುವ ಬೆಳಕನ್ನೆಲ್ಲ ಹೀರಿ ಕಪ್ಪೆನಿಸಿಕೊಂಡರೂ ಅವಕೆಂಪನ್ನು ತಡೆಯಲಾರವು. ಬಣ್ಣದ ಅಡಿಯ ಬಿಳಿಯ ನೂಲೇ ಅಲ್ಲಿ ಮಾತನಾಡುವುದು. ಬಣ್ಣದ ತೊಟ್ಟಿ ಬೇರೆಯೆಂಬುದನ್ನು ನೇಕಾರರು ಚಿತ್ರ ನೋಡಿದ ಕೂಡಲೇ ಒಪ್ಪಿಕೊಂಡರು. ಇದೇ ನ್ಯಾಯ ಕರಿಚಿರತೆಯ ಚರ್ಮಕ್ಕೂ ಅನ್ವಯಿಸುವುದೆಂಬುದು ಸೋಜಿಗ. ಕರಿಚಿರತೆಯ ಮೈಯಲ್ಲಿಯೂ ಚಿರತೆಯ ಹೂಚುಕ್ಕೆಗಳಿವೆ. ಕಪ್ಪಿನಲ್ಲಿ ಮುಳುಗಿ ಹಗಲಿನಲ್ಲಿ ಕಾಣವಷ್ಟೆ. ಮಲೇಷಿಯದ ಕಾಡುಗಳಲ್ಲಿ ಚಿರತೆಗಳೆಲ್ಲ ಬಹುಮಟ್ಟಿಗೆ ಕಪ್ಪಾಗಿದ್ದು ಒಂದನ್ನೊಂದರಿಂದ ಗುರುತಿಸಲಾಗದೆ ಬಳಲಿದ ಸಂಶೋಧಕರು, ಕ್ಯಾಮೆರಾ ಟ್ರ್ಯಾಪುಗಳ ಬೆಳಕಳೆಯುವ ಕಣ್ಣನ್ನು ಮುಚ್ಚಿ, ಹಗಲಿನಲ್ಲಿಯೂ ರಾತ್ರಿಯೆಂದೇ ಅವು ಭ್ರಮಿಸಿ ಅವಕೆಂಪು ಫ್ಲ್ಯಾಶನ್ನು ಹೊಡೆಯುವಂತೆ ಮಾಡಿದರು. ಚುಕ್ಕೆಗಳು ಮೂಡಿದುವು, ತಲೆಯೆಣಿಕೆ ಸಾಧ್ಯವಾಯಿತು. 2015ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ತೊಂಬತ್ತರ ದಶಕದ ಆರಂಭದಲ್ಲಿ ಹುಲಿಗಳ ಎಣಿಕೆಗೆ ಬಳಸತೊಡಗಿದ ಈ ಕ್ಯಾಮೆರಾ ಟ್ರ್ಯಾಪುಗಳನ್ನು ಮಹದೇಶ್ವರ ಬೆಟ್ಟದ ಮತ್ತು ಕಾವೇರಿ ವನ್ಯಧಾಮದ ಕಾಡುಗಳಲ್ಲಿ ಚಿರತೆಗಳಿಗಾಗಿ ಕಟ್ಟಿದವರು ಸಂಜಯ್ ಗುಬ್ಬಿ ಮತ್ತು ಅವರ ತಂಡದವರು.

ಇಲ್ಲಿ ಒಂದು ತಪ್ಪುತಿಳಿವಳಿಕೆಯನ್ನು ನಿವಾರಿಸಬೇಕು. ನನ್ನ ಕ್ಯಾಮೆರಾವನ್ನು ಕಂಡವರಲ್ಲಿ ಬಹುಮಂದಿ ಅದನ್ನು ತಮ್ಮತ್ತ ತಿರುಗಿಸಿಕೊಂಡು “ಜ್ವರ ಎಷ್ಟಿದೆ ನೋಡಿ” ಎನ್ನುವುದುಂಟು. ಮೈಶಾಖವನ್ನು ಅರಿಯುವ ಯಂತ್ರಗಳು ನೋಡುವುದು 10,000 ನ್ಯಾನೋಮೀಟರಿನ ಆಸುಪಾಸಿನ ದೀರ್ಘ ತರಂಗಗಳನ್ನು. ಸಿಲಿಕಾನು ಅದರ ಹತ್ತನೆಯ ಒಂದು ಪಾಲಿಗೇ ಕುರುಡಾಗಿಬಿಡುವುದು. ಕ್ಯಾಮೆರಾ ಟ್ರ್ಯಾಪಿನಲ್ಲಿ ಇವೆರಡೂ ಸೇರಿವೆ: ಪ್ರಾಣಿಯ ಮೈಬಿಸಿಯಿಂದ ಎಚ್ಚರಗೊಳ್ಳುವ ಅಂಗವೊಂದು, 850 ಅಥವಾ 940 ನ್ಯಾನೋಮೀಟರಿನ ಕಾಣದ ದೀಪ ಹಚ್ಚಿ ಚಿತ್ರ ಹಿಡಿಯುವ ಅಂಗ ಇನ್ನೊಂದು. ನಮ್ಮದು ಎರಡನೆಯದರ ಜಾತಿ.

ಕೆಂಪಿನಾಚೆಯ ಬೆಳಕಿನಿಂದ ಗಿಡಮರಗಳ ಆರೋಗ್ಯವನ್ನು ಓದುವ ವಿದ್ಯೆ ಭಾರತದಲ್ಲಿ ಬೇರೂರಿದ್ದೂ ಇಂಥದೇ ಚಿತ್ರಗಳಿಂದ ಎಂಬುದು ನೆನೆಯತಕ್ಕ ಸಂಗತಿ. 1970ರಲ್ಲಿ ಕೇರಳದ ತೆಂಗಿನ ತೋಟಗಳನ್ನು ಬೇರಿನ ಸೊರಗುರೋಗ ಹಿಂಡುತ್ತಿದ್ದಾಗ, ಬೆಂಗಳೂರಿನಲ್ಲಿ ಸಿ.ವಿ. ರಾಮನ್ನರ ಬಳಿ ಸಂಶೋಧನೆ ಮಾಡಿದ್ದ ಪಿ.ಆರ್. ಪಿಷಾರಟಿಯವರು ಹೆಲಿಕಾಪ್ಟರಿನಿಂದ ಅವಕೆಂಪು ವರ್ಣಫಿಲ್ಮಿನ ಮೇಲೆ ಆ ತೋಟಗಳ ಚಿತ್ರ ತೆಗೆಸಿ, ರೋಗಪೀಡಿತ ಮರಗಳನ್ನು ಮೇಲಿನಿಂದಲೇ ಗುರುತಿಸಬಹುದೆಂದು ತೋರಿಸಿದರು. ದೂರಸಂವೇದನದ ಭಾರತೀಯ ಚರಿತ್ರೆಯ ಮೊದಲ ಅಧ್ಯಾಯ ಅದೇ. ಉಡುಪಿಯ ಬಳಿಯ ಅದಮಾರಿನ ಯು.ಆರ್. ರಾಯರು ಇಸ್ರೋದ ಅಧ್ಯಕ್ಷರಾಗಿದ್ದಾಗ, ಬೆಂಗಳೂರಿನಲ್ಲಿ ಕಟ್ಟಿದ ಐಆರ್‌ಎಸ್-1ಎ ಉಪಗ್ರಹ 1988ರ ಮಾರ್ಚ್ 17ರಂದು ಬೈಕನೂರಿನಿಂದ ಮೇಲೇರಿತು. ಅದರ ನಾಲ್ಕು ಕಣ್ಣುಗಳಲ್ಲಿ ಒಂದು 770ರಿಂದ 860 ನ್ಯಾನೋಮೀಟರಿನ ಅವಕೆಂಪಿಗೇ ಮೀಸಲಾಗಿತ್ತು. ಎಲೆ ಕೆಂಪನ್ನು ನುಂಗಿ ಅವಕೆಂಪನ್ನು ಉಗುಳುವುದಷ್ಟೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಹಸುರಿನ ಸಾಂದ್ರತೆಗೆ ಒಂದು ಅಂಕಿ ಸಿಕ್ಕುವುದು. ಬರದ ಅಂದಾಜು, ಬೆಳೆಯ ಅಂದಾಜು, ಕಾಡಿನ ಅಂದಾಜುಗಳೆಲ್ಲ ಬಹುಪಾಲು ಈ ಸರಳ ಭಾಗಾಕಾರದ ಮೇಲೆ ನಿಂತಿವೆ. ಆ ಉಪಗ್ರಹದ ಒಂದು ಕ್ಯಾಮೆರಾದಲ್ಲಿ ಒಂದು ಚುಕ್ಕೆಯೆಂದರೆ ನೆಲದ ಮೇಲೆ 72.5 ಮೀಟರು, ಈ ಬೆಟ್ಟಗಳ ಆದಿವಾಸಿಗಳಾದ ಸೋಲಿಗರ ಒಂದು ಪೋಡು, ಅಂದರೆ ಅವರ ಪುಟ್ಟ ಊರು, ಅದರ ಲೆಕ್ಕದಲ್ಲಿ ಒಂದೆರಡು ಚುಕ್ಕೆ.

ಅಷ್ಟು ಎತ್ತರದಿಂದ ಕಂಡ ಹಸುರು ಯಾವ ಹಸುರು? ಈ ಪ್ರಶ್ನೆ ನನಗೆ ಉಪಗ್ರಹದ ನಕ್ಷೆಯಿಂದ ಹುಟ್ಟಲಿಲ್ಲ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಏರುವ ರಸ್ತೆಯ ತಿರುವೊಂದರಲ್ಲಿ ತೆಗೆದ ಎರಡು ಚಿತ್ರಗಳಿಂದ ಹುಟ್ಟಿತು. 1974ರಲ್ಲಿ ವನ್ಯಧಾಮವಾಗಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಈ ಕಾಡಿನಲ್ಲಿ ರಸ್ತೆ ಬಿಟ್ಟು ಇಳಿಯುವಂತಿಲ್ಲವಾದ್ದರಿಂದ ತಿರುವುಗಳೇ ನಮ್ಮಂಥವರ ಪಾಲಿನ ಪೀಠಗಳು. ಒಂದು ಚಿತ್ರ ಮಳೆಗಾಲ ಮುಗಿದೊಡನೆಯ ಅಕ್ಟೋಬರಿನದು: ಮೇಲಿನಿಂದ ಕೆಳಗಿನವರೆಗೆ ಎಲ್ಲ ಬೆಳ್ಪು, ಮರದ ತಲೆಗೂ ನೆಲದ ಪೊದೆಗೂ ಭೇದವಿಲ್ಲ. ಇನ್ನೊಂದು ಜನವರಿ ಕಡೆಯದು: ದಿಂಡಿಗ, ಮತ್ತಿ, ತೇಗಗಳು ಎಲೆಯುದುರಿಸಲು ತೊಡಗಿ ಕಪ್ಪು ಕೊಂಬೆಗಳಾಗಿ ನಿಂತಿವೆ, ಅವುಗಳ ಕಾಲ ಬುಡದಲ್ಲಿ ಇಳಿಜಾರಿನುದ್ದಕ್ಕೂ ಒಂದೇ ಸಮನಾದ ಬೆಳ್ಪು ಹರಡಿದೆ. ಬಣ್ಣದ ಚಿತ್ರದಲ್ಲಿ ಕಂದು ಹಸುರುಗಳ ಗೊಂದಲದೊಳಗೆ ಅಡಗಿಹೋಗುತ್ತಿದ್ದ ಈ ಕೆಳಪದರ, ಅವಕೆಂಪಿನಲ್ಲಿ ಸೀಮೆ ಕೊರೆದಿಟ್ಟಂತೆ ಬೇರ್ಪಟ್ಟಿತ್ತು.

ಎರಡೂ ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ಬೆಟ್ಟದ ಪೋಡೊಂದರ ಹಿರಿಯರ ಮುಂದೆ ಹಿಡಿದೆ. ಜೇನು, ಪಾಸೆ, ನೆಲ್ಲಿಕಾಯಿಗಳಿಗಾಗಿ ಬಾಲ್ಯದಿಂದ ಆ ಕಾಡನ್ನು ಸುತ್ತಿದವರು. ಮೊದಲು ನಕ್ಕರು. “ಇದೇನ್ ಸಾ, ಕಾಡ್ಗೆಲ್ಲ ಸುಣ್ಣ ಬಳ್ದಂಗದ?” ಆಮೇಲೆ ಜನವರಿಯ ಚಿತ್ರವನ್ನು ಮೊಳಕಾಲಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿ, ಬೆರಳಿಟ್ಟು, “ಈ ಬೆಳ್ಗಿರದೆಲ್ಲ ಲಂಟಾನ ಸಾ. ಮ್ಯಾಲ ಕಪ್ಗೆ ನಿಂತದಲ್ಲ, ಅದು ಕಾಡು” ಎಂದರು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಉದ್ಯಾನಗಳ ಅಲಂಕಾರಕ್ಕೆಂದು ಭಾರತಕ್ಕೆ ಬಂದ ಲಂಟಾನ ಬಿಳಿಗಿರಿಯನ್ನು ಹೇಗೆ ಆಕ್ರಮಿಸಿತೆಂಬುದನ್ನು ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಅಳೆದಿರುವರು: 1997ರಲ್ಲಿ ಗುರುತು ಹಾಕಿದ ತಾಣಗಳನ್ನು 2008ರಲ್ಲಿ ಮತ್ತೆ ನೋಡಿದಾಗ ಲಂಟಾನ ಹೊಕ್ಕ ತಾಣಗಳು ಸುಮಾರು ಇಮ್ಮಡಿಯಾಗಿದ್ದುವು. ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿಗಳನ್ನು ಹೆಣೆಯುವ ಕಸುಬನ್ನು ಮಹದೇಶ್ವರ ಬೆಟ್ಟದ ಸೋಲಿಗರು ಕಲಿತಿರುವರಾದರೂ, ಹೆಣೆಯುವ ಕೈಗಿಂತ ಬೆಳೆಯುವ ಪೊದೆ ಚುರುಕು.

ಹಿರಿಯರ ಬೆರಳು ಚಿತ್ರದ ಇನ್ನೊಂದೆಡೆಗೆ ಸರಿಯಿತು. ಎಲೆ ಕಳೆದುಕೊಂಡ ನೆಲ್ಲಿಮರದ ಕಪ್ಪು ಕೊಂಬೆಗಳ ನಡುವೆ ಅಲ್ಲೊಂದು ಇಲ್ಲೊಂದು ಬಿಳಿಯ ಮುದ್ದೆ. “ಇದು ಉಪ್ಪಿಲು” ಎಂದರು. ಮರದ ಮೇಲೆಯೇ ಬೇರಿಳಿಸಿ ಅದರ ಸತ್ವವನ್ನು ಹೀರುವ ಬಂದಳಿಕೆ ಅದು. ಮರ ಬೋಳಾದಾಗಲೂ ತಾನು ಹಸುರಾಗಿದ್ದುದರಿಂದ ಚಿತ್ರದಲ್ಲಿ ಬೆಳ್ಳಗೆ ಎದ್ದಿತ್ತು. ಎಷ್ಟು ಮುದ್ದೆಗಳೆಂದು ಎಣಿಸುವುದು ಕೂಡ ಸಾಧ್ಯವಿತ್ತು, ಅವರು ಎಣಿಸಿದರು. ಮೊದಲು ಬೇಸಗೆ ಬಲಿಯುವ ಮುನ್ನವೇ ಉದುರಿದ ಎಲೆಗೆ ಸಣ್ಣಗೆ ಕಿಚ್ಚಿಟ್ಟು ಸುಡುತ್ತಿದ್ದ ತರಗುಬೆಂಕಿಯಿಂದ ಲಂಟಾನದ ಸಸಿಯೂ ಸಾಯುತ್ತಿತ್ತು, ಉಪ್ಪಿಲೂ ಸಾಯುತ್ತಿತ್ತು ಎಂಬುದು ಸೋಲಿಗರ ವಾದ. ವನ್ಯಧಾಮದ ಕಟ್ಟಳೆ ಬಂದ ಮೇಲೆ ಆ ಬೆಂಕಿ ನಿಂತಿತು. “ನಾವ್ ತರಗ್ಬೆಂಕಿ ಹಾಕ್ತಿದ್ದಾಗ ಇದೆಲ್ಲ ಈ ಪಾಟಿ ಇರ್ನಿಲ್ಲ” ಎಂದು ಅವರು ಹೇಳಿದ ಮಾತನ್ನು ಸಂಶೋಧಕರೂ ಈಗ ಗಂಭೀರವಾಗಿ ಪರಿಗಣಿಸುತ್ತಿರುವರು. 2011ರಲ್ಲಿಯೇ ಈ ಕಾಡಿನ ಸೋಲಿಗರಿಗೆ ಸಮುದಾಯ ಅರಣ್ಯಹಕ್ಕು ಮಾನ್ಯವಾಯಿತಾದರೂ ಬೆಂಕಿಯ ವಿಚಾರದಲ್ಲಿ ಅವರ ಮಾತು ನಡೆಯುವ ಕಾಲ ಇನ್ನೂ ಬಂದಿಲ್ಲ. ಹಾಗೆಂದು ಯಾವ ಕಾಡಿಗೆ ಯಾವಾಗ ಬೆಂಕಿಯಿಕ್ಕಬೇಕೆಂಬುದನ್ನು ನನ್ನಂಥವನು ರಸ್ತೆಯ ತಿರುವಿನಲ್ಲಿ ನಿಂತು ತೀರ್ಮಾನಿಸುವುದೂ ಅಧಿಕಪ್ರಸಂಗವಾದೀತು. ಇಷ್ಟನ್ನು ಮಾತ್ರ ನಿಸ್ಸಂದೇಹವಾಗಿ ಹೇಳಬಲ್ಲೆ: ಈ ಬೆಳಕಿಗೆ ಎಲೆ ಗೊತ್ತು, ಗಿಡ ಗೊತ್ತಿಲ್ಲ. ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯೂ, ಅದರ ಕಾಡನ್ನು ಕಬಳಿಸುತ್ತಿರುವ ಲಂಟಾನವೂ ಅದರ ಮುಂದೆ ಒಂದೇ ಬೆಳ್ಪು. ಉಪಗ್ರಹದ ಭಾಗಾಕಾರದಲ್ಲಿಯೂ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕಿ. ಋತುವನ್ನು ನೋಡಿ ಚಿತ್ರ ತೆಗೆದರೆ ಅರ್ಧ ಭೇದ ತಿಳಿಯುವುದು. ಉಳಿದ ಅರ್ಧವನ್ನು ಬೆರಳಿಟ್ಟು ಹೇಳುವವರು ಬೇಕು.

ಆದುದರಿಂದ ಈಗ ನಾನು ಮುದ್ರಿಸುವ ಪ್ರತಿಯೊಂದರ ಹಿಂಬದಿಯಲ್ಲಿಯೂ ಸೀಸದಕಡ್ಡಿಯಿಂದ ತಿಂಗಳನ್ನೂ ಗಾಜಿನ ಅಂಕಿಯನ್ನೂ ಬರೆದು, ಅದರ ಕೆಳಗೆ ಸ್ಥಳ ಬಿಟ್ಟಿರುತ್ತೇನೆ. ಬೆಟ್ಟಕ್ಕೆ ಹೋದಾಗ ಅವನ್ನು ಒಯ್ಯುವುದುಂಟು. ಯಾವ ಬೆಳ್ಪಿಗೆ ಏನು ಹೆಸರೆಂದು ಅಲ್ಲಿಯವರು ಹೇಳಿದ ಮೇಲೆಯೇ ಆ ಸ್ಥಳ ತುಂಬುವುದು. ಅಕ್ಟೋಬರಿನ ಚಿತ್ರಗಳ ಹಿಂಬದಿ ಇನ್ನೂ ಬಹುಪಾಲು ಖಾಲಿ. ಆ ತಿಂಗಳಿನವನ್ನು ಅವರೂ ಬಿಡಿಸಿ ಹೇಳಲಾರರಂತೆ.